18, 21, 23: ಕಂಬಂ ಕಣಿವೆಯಿಂದ ತಲಪಾಡಿಯವರೆಗೆ ಒಂದು ವಯಸ್ಸಿನ ಲೆಕ್ಕ

2023ರ ಜನವರಿ. ಸುಬಹಿ ನಮಾಝ್ ಮುಗಿಸಿ ಬಂದು ಚಾ ಕುಡಿಯುತ್ತಿದ್ದೆ. ಅಕ್ಕನ ಫೋನ್ ಬಂತು. ಮಾತಿಗಿಂತ ಮೊದಲು ಅಳು ಕೇಳಿಸಿತು. ದಿಂಡಿಗಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವಳ ಮಗ ಹಾಸ್ಟೆಲ್ ಕೋಣೆಯಲ್ಲಿ ಕುಡಿದು ಸಿಕ್ಕಿಬಿದ್ದಿದ್ದ. "ಅವನ ಬಾಪನಿಗೆ ಹೇಳಬೇಡ. ಊರಲ್ಲಿ ಯಾರಿಗೂ ಗೊತ್ತಾಗುವುದು ಬೇಡ. ನೀನು ಹೋಗಿ ಕರಕೊಂಡು ಬಾ" ಎಂದಳು. ಭಾವ ದುಬೈಯಲ್ಲಿದ್ದರು. ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಮಗಳು ಬೇರೆ. ಅಕ್ಕನ ಹೆದರಿಕೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ, ನಮ್ಮ ಮನೆಗಳಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು.

ನನಗೆ ಆ ಕಡೆಯ ದಾರಿ ಹೊಸತಲ್ಲ. ಏಲಕ್ಕಿ ವ್ಯಾಪಾರದ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಬೋಡಿನಾಯಕನೂರಿನ ಹರಾಜಿಗೆಂದು ವರ್ಷಕ್ಕೆ ಒಂದೆರಡು ಸಲ ಹೋಗಿಬರುತ್ತಿದ್ದೆ. ಆದರೆ ಈ ಸಲ ಹೋದದ್ದು ಬೇರೆ ಲೆಕ್ಕಕ್ಕೆ.

ಹುಡುಗ ತಲೆ ತಗ್ಗಿಸಿ ಕೂತಿದ್ದ. ವಯಸ್ಸು 19. ಕೋಣೆಯಲ್ಲಿ ಇದ್ದದ್ದು ಮೂವರು. ಬಾಟಲಿ ತಂದವನು ಕೊನೆಯ ವರ್ಷದ ಹುಡುಗ, 22 ವರ್ಷದವನು. ಮೂರನೆಯವನು ಆಗ ತಾನೇ ಸೇರಿದ ಮೊದಲ ವರ್ಷದ ಹುಡುಗ, ಅವನಿಗೆ ಇನ್ನೂ 17. ಕಾಲೇಜಿನವರು ಪೊಲೀಸರವರೆಗೆ ಹೋಗಲಿಲ್ಲ. ಒಂದು ತಿಂಗಳು ಹಾಸ್ಟೆಲ್‌ನಿಂದ ಹೊರಗೆ ಹಾಕಿ, ತಪ್ಪೊಪ್ಪಿಗೆ ಬರೆಸಿಕೊಂಡರು.

ರಾತ್ರಿ ಲಾಡ್ಜ್‌ನಲ್ಲಿ ಹುಡುಗ ಮೆಲ್ಲ ಕೇಳಿದ: "ಮಾಮ, ಕರ್ನಾಟಕದಲ್ಲಿ 18 ಮಾಡ್ತಾರಂತೆ, ಪೇಪರಲ್ಲಿ ಬಂದಿದೆ. ಹಾಗಾದ್ರೆ ಅಲ್ಲಿ ನಾನು ತಪ್ಪು ಮಾಡಿದ ಹಾಗೆ ಆಗ್ತಿರಲಿಲ್ಲ ಅಲ್ವಾ?"

ಹರಾಮ್ ಎಂಬ ಒಂದೇ ಮಾತಿನಲ್ಲಿ ಅವನ ಬಾಯಿ ಮುಚ್ಚಿಸಬಹುದಿತ್ತು. ಅದು ಅವನಿಗೂ ಗೊತ್ತಿದ್ದ ವಿಷಯ. ಮದ್ರಸದಲ್ಲಿ ಕಲಿತಿದ್ದಾನೆ. ಆದರೆ ಅವನು ಕೇಳಿದ್ದು ದೇಶದ ಕಾನೂನಿನ ಬಗ್ಗೆ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಊರಿಗೆ ಬಂದ ಮೇಲೆ ಹುಡುಕಿ ಓದತೊಡಗಿದೆ. ಓದುತ್ತಾ ಹೋದ ಹಾಗೆ ದಿಂಡಿಗಲ್‌ನ ಕಥೆಯೂ ನಮ್ಮ ಮಂಗಳೂರಿನ ಕಥೆಯೂ ಎಷ್ಟೋ ಕಾಲ ಒಂದೇ ದಾರಿಯಲ್ಲಿ ನಡೆದದ್ದು ಕಂಡು ಆಶ್ಚರ್ಯವಾಯಿತು.

ದಿಂಡಿಗಲ್ ಎಂದರೆ ನಮ್ಮವರಿಗೆ ಈಗ ಬೀಗ ಮತ್ತು ಬಿರಿಯಾನಿ. ಆದರೆ 1755ರಲ್ಲಿ ಹೈದರಾಲಿ ಮೈಸೂರಿನ ಫೌಜ್‌ದಾರನಾಗಿ ಹೋಗಿ ನೆಲೆ ನಿಂತದ್ದು ಇದೇ ದಿಂಡಿಗಲ್ ಕೋಟೆಯಲ್ಲಿ. ಅವನು ಮೇಲೆ ಬಂದದ್ದೇ ಅಲ್ಲಿಂದ. 1783ರಲ್ಲಿ ಇಂಗ್ಲಿಷರು ಕೋಟೆ ಹಿಡಿದರು. ಮರುವರ್ಷ, 1784ರಲ್ಲಿ, ಅದನ್ನು ಟಿಪ್ಪುವಿಗೆ ವಾಪಸು ಕೊಡಿಸಿದ್ದು ಮಂಗಳೂರು ಒಪ್ಪಂದ. ನಮ್ಮ ಊರಿನ ಹೆಸರಿನ ಕಾಗದದಿಂದ ದಿಂಡಿಗಲ್ ಮತ್ತೆ ಮೈಸೂರಿನದಾಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅದು ಶಾಶ್ವತವಾಗಿ ಕಂಪೆನಿಯ ಪಾಲಾಯಿತು. ನಡುವಿನ ಆ ಕೆಲವು ವರ್ಷಗಳಲ್ಲಿ ಟಿಪ್ಪು ತನ್ನ ರಾಜ್ಯದಲ್ಲಿ ಮದ್ಯ ನಿಲ್ಲಿಸಲು ಆಜ್ಞೆ ಹೊರಡಿಸಿದ್ದ. ಬೊಕ್ಕಸಕ್ಕೆ ನಷ್ಟವಾದರೂ ಸರಿ, ಪ್ರಜೆಗಳ ಆರೋಗ್ಯ ದೊಡ್ಡದು ಎಂಬುದು ಅವನ ನಿಲುವಾಗಿತ್ತು. ಆದಾಯವೋ ಆರೋಗ್ಯವೋ ಎಂಬ ಈ ಜಗಳ ಮುಂದೆ ಇನ್ನೂರು ವರ್ಷ ನಿಲ್ಲಲಿಲ್ಲ.

ದಿಂಡಿಗಲ್‌ನಿಂದ ಪಶ್ಚಿಮಕ್ಕೆ ಹೋದರೆ ತೇಣಿ, ಅಲ್ಲಿಂದ ಕೆಳಗೆ ಕಂಬಂ ಕಣಿವೆ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ದ್ರಾಕ್ಷಿ ಚಪ್ಪರ, ತಲೆಯೆತ್ತಿದರೆ ಕೇರಳದ ಬೆಟ್ಟ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟದ ಸುರಂಗ ದಾಟಿ ಈ ಕಣಿವೆಗೆ ಇಳಿದ ಮೇಲೆ ಇಲ್ಲಿನ ಬದುಕೇ ಬದಲಾಯಿತು. ಈ ಕಣಿವೆಯಲ್ಲಿ ಮನೆಮಾತು ಕನ್ನಡವಾಗಿರುವ ಒಕ್ಕಲಿಗ ಗೌಂಡರ್‌ಗಳೂ ಕಪ್ಪಿಲಿಯರೂ ತಲೆತಲಾಂತರದಿಂದ ಇದ್ದಾರೆ. 1906ರ ಮದುರಾ ಜಿಲ್ಲಾ ಗೆಜೆಟಿಯರ್‌ನಲ್ಲಿಯೂ ಈ ಕನ್ನಡದವರ ವಿಷಯ ಉಂಟು. ಶಾಲೆ ತಮಿಳು, ಅಂಗಡಿ ತಮಿಳು, ಆದರೆ ಅಡುಗೆಮನೆಯಲ್ಲಿ ಕನ್ನಡ. ಶಾಲೆಯಲ್ಲಿ ಕನ್ನಡ ಕಲಿತು ಮನೆಯಲ್ಲಿ ಬ್ಯಾರಿ ಮಾತಾಡುವ ನಮಗೆ ಇದು ಬೇಗ ಅರ್ಥವಾಗುತ್ತದೆ.

ಬ್ರಿಟಿಷರ ಕಾಲದಲ್ಲಿ ಕಂಬಂ, ದಿಂಡಿಗಲ್ ಎರಡೂ ಮದುರೆ ಜಿಲ್ಲೆಯೊಳಗೆ. ನಮ್ಮದು ದಕ್ಷಿಣ ಕನ್ನಡ ಜಿಲ್ಲೆ. ಎರಡೂ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದವು. ಎರಡಕ್ಕೂ ಒಂದೇ ಕಾನೂನು, 1886ರ ಮದ್ರಾಸ್ ಅಬಕಾರಿ ಕಾಯ್ದೆ. ಕಳ್ಳು ಇಳಿಸುವ ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು, ಸಾರಾಯಿಗೆ ಸುಂಕ. ಸರಕಾರಕ್ಕೆ ಮುಖ್ಯವಾದದ್ದು ಯಾರು ಕುಡಿದರು ಎಂಬುದಲ್ಲ, ಸುಂಕ ಕಟ್ಟಿದ್ದನ್ನೇ ಕುಡಿದರೋ ಎಂಬುದು. ನಮ್ಮ ಕಡೆ 'ಗಡಂಗು' ಎಂದರೆ ಇಂದಿಗೂ ಹಿರಿಯರಿಗೆ ಆ ಹರಾಜಿನ ಅಂಗಡಿಗಳ ನೆನಪು.

ಇದನ್ನು ವಿರೋಧಿಸಿ ಮೊದಲು ಬೀದಿಗಿಳಿದವರಲ್ಲಿ ಪೆರಿಯಾರ್ ಇ.ವಿ. ರಾಮಸ್ವಾಮಿಯೂ ಒಬ್ಬರು. ಆಗ ಅವರು ಕಾಂಗ್ರೆಸ್‌ನಲ್ಲಿದ್ದರು. ಅಸಹಕಾರ ಚಳವಳಿಯ ಕಾಲದಲ್ಲಿ ಈರೋಡಿನಲ್ಲಿ ಕಳ್ಳಿನಂಗಡಿಗಳ ಮುಂದೆ ಪಿಕೆಟಿಂಗ್ ನಡೆಯಿತು. ಕಳ್ಳು ಇಳಿಸಬಾರದೆಂದು ತಮ್ಮ ತೋಟದ ತೆಂಗಿನ ಮರಗಳನ್ನೇ ಅವರು ಕಡಿಸಿದರು. ಅವರ ಹೆಂಡತಿ ನಾಗಮ್ಮೈ, ತಂಗಿ ಕಣ್ಣಮ್ಮಾಳ್ ಅಂಗಡಿಗಳ ಎದುರು ನಿಂತರು. ಕುಡಿತದ ವಿರುದ್ಧದ ಹೋರಾಟದಲ್ಲಿ ಹೆಂಗಸರು ಮುಂದೆ ನಿಲ್ಲುವುದು ಅಲ್ಲಿಂದಲೇ ಕಾಣುತ್ತದೆ.

1937ರಲ್ಲಿ ರಾಜಾಜಿ ಮದ್ರಾಸಿನ ಪ್ರಧಾನಿಯಾದರು. ಅದೇ ವರ್ಷ ಮದ್ಯ ನಿಷೇಧ ಕಾಯ್ದೆ ಬಂತು. ಅಕ್ಟೋಬರ್ 1ರಿಂದ ಸೇಲಂ ಜಿಲ್ಲೆಯಲ್ಲಿ ಮೊದಲು ಜಾರಿಗೆ ಬಂತು. ಅಬಕಾರಿ ಹಣ ಕೈತಪ್ಪಿದಾಗ ಅದನ್ನು ತುಂಬಿಸಲು 1939ರಲ್ಲಿ ಮಾರಾಟ ತೆರಿಗೆ ತಂದರು. ಇಂದು ನಾವು ವ್ಯಾಪಾರಿಗಳು ಗೊಣಗುತ್ತಾ ಕಟ್ಟುವ ತೆರಿಗೆಗಳ ಹಿರಿಯಜ್ಜ ಹುಟ್ಟಿದ್ದು ಹೀಗೆ. ಮಹಾಯುದ್ಧದ ಕಾಲದಲ್ಲಿ ನಿಷೇಧವನ್ನು ಅಮಾನತಿನಲ್ಲಿಟ್ಟರು. 1946ರಿಂದ ಮತ್ತೆ ಜಿಲ್ಲೆ ಜಿಲ್ಲೆಯಾಗಿ ವಿಸ್ತರಿಸಿ, 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯದಲ್ಲಿ ಕುಡಿತ ಅಪರಾಧವಾಯಿತು. ಮದುರೆಯಲ್ಲೂ, ಮಂಗಳೂರಿನಲ್ಲೂ, ಕಾಸರಗೋಡಿನಲ್ಲೂ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಎಲ್ಲರಿಗೂ ನಿಷೇಧ ಇದ್ದಾಗ ವಯಸ್ಸಿನ ಪ್ರಶ್ನೆ ಏಳುವುದೇ ಇಲ್ಲ. ಪರ್ಮಿಟ್ ಇದ್ದವರನ್ನು ಬಿಟ್ಟರೆ 70ರ ಅಜ್ಜನಿಗೂ ಇಲ್ಲ, 17ರ ಹುಡುಗನಿಗೂ ಇಲ್ಲ. ಹಾಗಾದರೆ ಮಕ್ಕಳು ಸುರಕ್ಷಿತವಾಗಿದ್ದರೇ? ನನ್ನ ಬಾಪ ಹೇಳುತ್ತಿದ್ದ ಮಾತು ನೆನಪಾಗುತ್ತದೆ. ಐವತ್ತರ ದಶಕದಲ್ಲಿ ಕಳ್ಳಭಟ್ಟಿಯನ್ನು ಸೈಕಲ್ ಟ್ಯೂಬಿಗೆ ತುಂಬಿ ಹುಡುಗರ ಕೈಲಿ ಸಾಗಿಸುತ್ತಿದ್ದರಂತೆ. ದೊಡ್ಡವರನ್ನು ಪೊಲೀಸರು ನಿಲ್ಲಿಸಿ ಮೂಸುತ್ತಿದ್ದರು, ಹುಡುಗರನ್ನು ಬಿಡುತ್ತಿದ್ದರು. ಒಂದು ಟ್ಯೂಬಿಗೆ ನಾಲ್ಕಾಣೆ. ತನ್ನ ಜೊತೆ ಓದುತ್ತಿದ್ದ ಒಬ್ಬ ಹುಡುಗ ಹಾಗೆ ಸಾಗಿಸುತ್ತಾ ಸಾಗಿಸುತ್ತಾ ರುಚಿ ನೋಡಿ, ಇಪ್ಪತ್ತು ತುಂಬುವ ಮೊದಲೇ ಕುಡುಕನಾದ ಎಂದು ಬಾಪ ಬೇಸರದಿಂದ ಹೇಳುತ್ತಿದ್ದರು.

1956ರಲ್ಲಿ ಭಾಷಾವಾರು ಪ್ರಾಂತ್ಯಗಳಾದವು. ಮಂಗಳೂರು ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ ಹೋಯಿತು. ಕಂಬಂ, ದಿಂಡಿಗಲ್ ಮದ್ರಾಸಿನಲ್ಲೇ ಉಳಿದವು. ಒಂದೇ ಕಾನೂನಿನ ಮನೆ ಮೂರು ಪಾಲಾಯಿತು. ಮದ್ಯ ರಾಜ್ಯಗಳ ಕೈಯಲ್ಲಿರುವ ವಿಷಯ. ಸಂವಿಧಾನದ 47ನೇ ವಿಧಿ ನಿಷೇಧದ ಕಡೆ ನಡೆಯಿರಿ ಎಂದು ರಾಜ್ಯಗಳಿಗೆ ಹೇಳುತ್ತದೆ, ಬಲವಂತ ಮಾಡುವುದಿಲ್ಲ. ಅರವತ್ತರ ದಶಕದ ಕೊನೆಯಲ್ಲಿ ಕೇರಳ ಮತ್ತು ಮೈಸೂರು ಎರಡೂ ನಿಷೇಧ ಕೈಬಿಟ್ಟವು. ಮದ್ರಾಸ್ ಮಾತ್ರ ಹಿಡಿದುಕೊಂಡಿತು. 1971ರಲ್ಲಿ ಕರುಣಾನಿಧಿ ಸರಕಾರ ಅದನ್ನೂ ತೆಗೆಯಲು ಹೊರಟಾಗ, 92 ವರ್ಷದ ರಾಜಾಜಿ ಮಳೆಯಲ್ಲಿ ಮುಖ್ಯಮಂತ್ರಿಯ ಮನೆಗೆ ಹೋಗಿ ಬೇಡ ಎಂದು ಕೇಳಿಕೊಂಡರು. ಸರಕಾರ ಕೇಳಲಿಲ್ಲ. ಆಗಸ್ಟ್ 30ರಂದು ನಿಷೇಧ ಹೋಯಿತು.

ಮುಂದಿನದ್ದು ಬಾಗಿಲು ತೆಗೆದು ಮುಚ್ಚಿದ ಕಥೆ. 1973-74ರಲ್ಲಿ ಅದೇ ಸರಕಾರ ಮತ್ತೆ ಮುಚ್ಚಿತು. 1981ರಲ್ಲಿ ಎಂ.ಜಿ.ಆರ್. ತೆಗೆದರು. 1983ರಲ್ಲಿ ಸಗಟು ಮಾರಾಟಕ್ಕೆ ಟಾಸ್ಮಾಕ್ ಎಂಬ ಸರಕಾರಿ ನಿಗಮ ಬಂತು. 1987ರ ಆರಂಭದಿಂದ ಸಾರಾಯಿ, ಕಳ್ಳು ಬಂದ್. ನಡುವೆ ಸ್ವಲ್ಪ ಕಾಲ ಅಗ್ಗದ ಮದ್ಯ ಬಂತು, 1991ರಲ್ಲಿ ಜಯಲಲಿತಾ ಅದನ್ನು ನಿಲ್ಲಿಸಿದರು. 2003ರ ನವೆಂಬರ್‌ನಿಂದ ಚಿಲ್ಲರೆ ಮಾರಾಟವನ್ನೂ ಟಾಸ್ಮಾಕ್ ಕೈಗೆ ಕೊಟ್ಟರು. ಸರಕಾರವೇ ಅಂಗಡಿಯವನಾಯಿತು. ತಮಾಷೆಯೆಂದರೆ ಇಷ್ಟೆಲ್ಲ ಮಾರಾಟ ನಡೆಯುವ ರಾಜ್ಯದ ಮೂಲ ಕಾನೂನಿನ ಹೆಸರು ಇಂದಿಗೂ 'ಮದ್ಯ ನಿಷೇಧ ಕಾಯ್ದೆ, 1937'.

ಈ ಚಿಲ್ಲರೆ ಅಂಗಡಿಗಳ ನಿಯಮದಲ್ಲಿ ವಯಸ್ಸು ಬರುತ್ತದೆ. 21 ತುಂಬದವರಿಗೆ ಮಾರುವಂತಿಲ್ಲ. ಹೊಣೆ ಹೊರಿಸಿದ್ದು ಮಾರುವವನ ಮೇಲೆ. ಆದರೆ ಸಂಜೆಯ ನೂಕುನುಗ್ಗಲಿನ ಕಿಟಕಿಯಲ್ಲಿ ಕೈ ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. 2015ರ ಜುಲೈಯಲ್ಲಿ ತಿರುವಣ್ಣಾಮಲೈ ಕಡೆಯ ಒಂದು ವಿಡಿಯೋ ಇಡೀ ರಾಜ್ಯವನ್ನು ಕಲಕಿತು. ನಾಲ್ಕು ವರ್ಷದ ಮಗುವಿಗೆ ದೊಡ್ಡವರು ಮದ್ಯ ಕುಡಿಸಿ ನಗುತ್ತಿದ್ದರು. ಅದೇ ತಿಂಗಳ ಕೊನೆಯಲ್ಲಿ, ಮದ್ಯದಂಗಡಿ ಮುಚ್ಚಿಸಲು ಕನ್ಯಾಕುಮಾರಿ ಜಿಲ್ಲೆಯಲ್ಲಿ ಮೊಬೈಲ್ ಟವರ್ ಹತ್ತಿದ್ದ ಗಾಂಧಿವಾದಿ ಶಶಿಪೆರುಮಾಳ್ ತೀರಿಕೊಂಡರು. ಆ ವರ್ಷ ವಿದ್ಯಾರ್ಥಿಗಳೂ ಹೆಂಗಸರೂ ಅಂಗಡಿಗಳ ಮುಂದೆ ಕೂತರು. 2016ರಲ್ಲಿ 500, ಮರುವರ್ಷ ಮತ್ತೆ 500 ಅಂಗಡಿ ಮುಚ್ಚಿದರು, ತೆರೆಯುವ ಹೊತ್ತನ್ನು ಬೆಳಿಗ್ಗೆ 10ರಿಂದ ಮಧ್ಯಾಹ್ನ 12ಕ್ಕೆ ತಳ್ಳಿದರು.

ಈಗ ಗಡಿಗೆ ಬನ್ನಿ. ಕಂಬಂ ಕಣಿವೆಯಿಂದ ಕೇರಳಕ್ಕೆ ಕುಮಳಿ, ಕಂಬಂಮೆಟ್ಟು, ಬೋಡಿಮೆಟ್ಟು ಎಂಬ ದಾರಿಗಳು. ಬೆಳಗಾದರೆ ಏಲಕ್ಕಿ ತೋಟದ ಕೂಲಿಗೆ ಜೀಪುಗಳಲ್ಲಿ ಜನ ಬೆಟ್ಟ ಹತ್ತುತ್ತಾರೆ, ಸಂಜೆ ಇಳಿಯುತ್ತಾರೆ. ಕೆಳಗೆ 21. ಮೇಲೆ ಕೇರಳದಲ್ಲಿ ಮೊದಲು 18 ಇದ್ದದ್ದು 21 ಆಗಿ, 2017ರ ತೀರ್ಮಾನದಂತೆ 23 ಆಯಿತು. ಅಲ್ಲಿ ಮಾರುವುದಷ್ಟೇ ಅಲ್ಲ, ಆ ವಯಸ್ಸಿನ ಕೆಳಗಿನವರು ಕುಡಿಯುವುದೂ ಅಬಕಾರಿ ಕಾಯ್ದೆಯಲ್ಲಿ ನಿಷಿದ್ಧ. ಕೆಳಗೆ ಕಳ್ಳು ಬಂದ್, ಮೇಲೆ ಕಳ್ಳಿನ ಅಂಗಡಿಗೆ ಲೈಸೆನ್ಸ್ ಉಂಟು. ಬೆಳಿಗ್ಗೆ ಜೀಪು ಹತ್ತಿದ 22ರ ಹುಡುಗ ಒಂದು ತಿರುವು ದಾಟಿದೊಡನೆ ಕಾನೂನಿನ ಕಣ್ಣಿನಲ್ಲಿ ಸಣ್ಣವನಾಗುತ್ತಾನೆ.

ನಗುವ ಮೊದಲು ನಮ್ಮ ತಲಪಾಡಿಯನ್ನು ನೆನೆಯಿರಿ. ಮಂಜೇಶ್ವರ, ಉಪ್ಪಳದ ಹುಡುಗನಿಗೆ 23, ಉಳ್ಳಾಲದ ಅವನ ಸೋದರತ್ತೆಯ ಮಗನಿಗೆ? ಇದರಲ್ಲೂ ಗೊಂದಲ ಉಂಟು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ 18 ಎಂದಿದೆ. 1967ರ ಲೈಸೆನ್ಸ್ ನಿಯಮಗಳಲ್ಲಿ 21 ಎಂದಿದೆ. ಈ ಎರಡನ್ನು ಸರಿಹೊಂದಿಸುತ್ತೇವೆಂದು 2023ರ ಜನವರಿಯಲ್ಲಿ ಸರಕಾರ 21ನ್ನು 18ಕ್ಕೆ ಇಳಿಸುವ ಕರಡು ಹೊರಡಿಸಿತು. ನನ್ನ ಅಳಿಯ ಪೇಪರಿನಲ್ಲಿ ಓದಿದ್ದು ಅದನ್ನೇ. ಜನರ ವಿರೋಧ ಬಂತು, ಕೆಲವೇ ದಿನಗಳಲ್ಲಿ ಅದನ್ನು ಕೈಬಿಟ್ಟರು. ಅಂದರೆ ಅವನ ಪ್ರಶ್ನೆಗೆ ಉತ್ತರ: ಇಲ್ಲ ಮೋನು, ಇಲ್ಲಿಯೂ ನಿನಗೆ ಮಾರುವಂತಿರಲಿಲ್ಲ.

ವಯಸ್ಸಿನ ಅಂಕಿ ಆಚೀಚೆ ಆಗುವುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿ 1971ರಲ್ಲಿ ಮತದಾನದ ವಯಸ್ಸು 18 ಆದಾಗ ಹಲವು ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದವು. ರಸ್ತೆಯಲ್ಲಿ ಹುಡುಗರು ಸಾಯತೊಡಗಿದರು. ಕಡಿಮೆ ವಯಸ್ಸಿನ ರಾಜ್ಯಕ್ಕೆ ಗಡಿ ದಾಟಿ ಹೋಗಿ, ಕುಡಿದು, ಕಾರು ಓಡಿಸಿ ಬರುವುದೂ ನಡೆಯಿತು. 1984ರಲ್ಲಿ ಕೇಂದ್ರ ಸರಕಾರ, 21 ಮಾಡದಿದ್ದರೆ ಹೆದ್ದಾರಿಯ ಹಣ ಕಡಿತ ಎಂದಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ 21ಕ್ಕೆ ಬಂದವು, ಹುಡುಗರ ಅಪಘಾತದ ಸಾವುಗಳು ಇಳಿದವು. ವಯಸ್ಸಿನ ಕಾನೂನು ಕೆಲಸಕ್ಕೆ ಬಾರದ್ದು ಎಂದು ಹೇಳಲಾಗದು. ಎಲ್ಲ ಕಡೆ ಒಂದೇ ಆಗಿದ್ದು, ಜಾರಿಯೂ ಆದರೆ ಅದು ಜೀವ ಉಳಿಸುತ್ತದೆ.

ಓದುತ್ತಾ ಇರುವಾಗ ನನಗೆ ನಿಜವಾಗಿ ಕೈ ನಡುಗಿದ್ದು ಇದ್ಯಾವುದರಿಂದಲೂ ಅಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್‌ನಿಂದ. ಅದು ಇಡೀ ದೇಶಕ್ಕೆ ಒಂದೇ. ವೈದ್ಯರ ಸಲಹೆಯಿಲ್ಲದೆ 18 ತುಂಬದ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವನಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಮಾರಿದವನು ಎಂದಲ್ಲ, ಕೊಟ್ಟವನು. ಮುಂದಿನ 78ನೇ ಸೆಕ್ಷನ್ ಮಗುವಿನ ಕೈಲಿ ಮದ್ಯ ಸಾಗಿಸುವವನಿಗೂ ಅಷ್ಟೇ ಶಿಕ್ಷೆ ಇಟ್ಟಿದೆ. ಬಾಪ ಹೇಳಿದ ಸೈಕಲ್ ಟ್ಯೂಬಿನ ಹುಡುಗನಿಗಾಗಿ ಬರೆದ ಹಾಗಿದೆ.

ಅಳಿಯನಿಗೆ ಫೋನ್ ಮಾಡಿ ಕೇಳಿದೆ: "ಆ ಸಣ್ಣ ಹುಡುಗನಿಗೆ ಗ್ಲಾಸು ಕೊಟ್ಟವನು ಯಾರು?"

ತುಂಬ ಹೊತ್ತು ಮಾತಿಲ್ಲ. ಆಮೇಲೆ, "ನಾನೇ ಮಾಮ" ಎಂದ.

ಇಷ್ಟು ದಿನ ನಾವು ಮನೆಯಲ್ಲಿ ಚರ್ಚಿಸುತ್ತಿದ್ದದ್ದು ನಮ್ಮ ಹುಡುಗ ಕೆಟ್ಟುಹೋದನೇ, ಮರ್ಯಾದೆ ಹೋಯಿತೇ ಎಂದು. ಅವನ ಕೈಯಿಂದ ಇನ್ನೊಬ್ಬರ ಮಗು ಕುಡಿದಿದೆ ಎಂಬುದು ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಆ ರಾತ್ರಿಯೇ ಅಕ್ಕನನ್ನು ಒಪ್ಪಿಸಿ ಭಾವನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಆ ಹುಡುಗನ ಮನೆಯವರ ಹತ್ತಿರ ಮಾತಾಡಿದಿರಾ?" ಎಂದಷ್ಟೇ ಕೇಳಿದರು.

ಮುಂದಿನ ತಿಂಗಳು ಅಳಿಯನನ್ನು ಹಾಸ್ಟೆಲಿಗೆ ಬಿಡಲು ಹೋದಾಗ ಇಬ್ಬರೂ ಮೊದಲು ಕಂಬಂ ಕಡೆ ಹೋದೆವು. ಆ ಹುಡುಗನ ಮನೆ ಕಣಿವೆಯ ಒಂದು ಹಳ್ಳಿಯಲ್ಲಿ. ದ್ರಾಕ್ಷಿ ಬೆಳೆಯುವವರು. ನಾನು ಮುರುಕು ತಮಿಳಿನಲ್ಲಿ ಶುರು ಮಾಡಿದೆ. ಒಳಗೆ ಹೆಂಗಸರು ಮಾತಾಡುತ್ತಿದ್ದದ್ದು ಕನ್ನಡ ಎಂದು ಕಿವಿಗೆ ಬಿದ್ದಾಗ ನನ್ನ ನಾಲಿಗೆ ತಾನಾಗಿ ಕನ್ನಡಕ್ಕೆ ಹೊರಳಿತು. ಹುಡುಗನ ತಂದೆ ನಕ್ಕರು. ಅವರ ಕನ್ನಡ ತಮಿಳು ಬೆರೆತದ್ದು, ಆದರೂ ತಿಳಿಯುತ್ತಿತ್ತು.

ಅಳಿಯ ಎದ್ದು ನಿಂತು ಕ್ಷಮೆ ಕೇಳಿದ. ಅವರು ಅವನನ್ನು ಕೂರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ನನಗೆ ಹತ್ತು ವರ್ಷ ಇರುವಾಗ ನಮ್ಮಪ್ಪ ನನ್ನನ್ನೇ ಸಾರಾಯಿ ಅಂಗಡಿಗೆ ಕಳಿಸ್ತಿದ್ದ. ಎಂ.ಜಿ.ಆರ್. ಕಾಲ. ದಿನಾ ಹೋಗ್ತಿದ್ದೆ. ಯಾರೂ ನಿನಗೆಷ್ಟು ವಯಸ್ಸು ಅಂತ ಕೇಳಲಿಲ್ಲ. ಅಪ್ಪ ಸತ್ತದ್ದೂ ಅದರಿಂದಲೇ. ನನ್ನ ಮಗನಿಗೆ ಕೊಟ್ಟೆ ಅಂತ ಹೇಳೋಕೆ ಈ ಮನೆವರೆಗೂ ಬಂದವರು ನೀವೇ ಮೊದಲು."

ಅಲ್ಲಿಂದ ಹೊರಡುವಾಗ ದಾರಿಯಲ್ಲಿ ಬಿದ್ದಿದ್ದ ಒಂದು ಖಾಲಿ ಬಾಟಲಿಯ ಮೇಲಿನ ತಮಿಳು ಎಚ್ಚರಿಕೆಯನ್ನು ಅಳಿಯ ಓದಿ ಅರ್ಥ ಹೇಳಿದ. ಕುಡಿತ ಕುಡಿಯನ್ನು ಕೆಡಿಸುತ್ತದೆ ಎಂದು ಅದರಲ್ಲಿದೆ. ತಮಿಳಿನಲ್ಲಿ 'ಕುಡಿ' ಎಂದರೆ ಕುಡಿಯುವುದೂ ಹೌದು, ಮನೆತನವೂ ಹೌದು. ನಮ್ಮ ಕನ್ನಡದಲ್ಲಿ ಕುಡಿ ಎಂದರೆ ಎಳೆಯ ಚಿಗುರು ಎಂದು ನಾನು ಅವನಿಗೆ ಹೇಳಿದೆ.

ಈಗ ಬರೆಯುತ್ತಿರುವುದಕ್ಕೆ ಕಾರಣ ಉಂಟು. 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ ವಿಷಮದ್ಯದಿಂದ 60ಕ್ಕೂ ಹೆಚ್ಚು ಜನ ಸತ್ತರು, ತಮಿಳುನಾಡು ಶಿಕ್ಷೆಯನ್ನು ಇನ್ನಷ್ಟು ಬಿಗಿ ಮಾಡಿತು. ಆ ಸುದ್ದಿ ಬಂದ ದಿನ ನಮ್ಮ ಪಳ್ಳಿಯ ಹೊರಗೆ ನಿಂತವರೆಲ್ಲ ಅದನ್ನೇ ಮಾತಾಡಿದರು. "ನಮ್ಮಲ್ಲಿ ಆ ಸಮಸ್ಯೆ ಇಲ್ಲ, ನಮಗೆ ಹರಾಮ್ ಅಲ್ವಾ" ಎಂದು ಒಬ್ಬರು ಹೇಳಿದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ಸರಿಯಲ್ಲ ಎಂದು ಮನೆಗೆ ಬಂದ ಮೇಲೆ ಅನ್ನಿಸಿತು.

ನಮ್ಮ ಮಕ್ಕಳು ಬೆಂಗಳೂರು, ದಿಂಡಿಗಲ್, ಕೊಯಮತ್ತೂರಿಗೆ ಓದಲು ಹೋಗುತ್ತಿದ್ದಾರೆ. ಫೀಸು, ಹಾಸ್ಟೆಲ್, ಊಟದ ಬಗ್ಗೆ ಕೂತು ಮಾತಾಡುತ್ತೇವೆ. ಇದರ ಬಗ್ಗೆ ಮಾತಾಡುವುದಿಲ್ಲ, ಏಕೆಂದರೆ ಮಾತಾಡಿದರೆ ಅನುಮಾನಿಸಿದ ಹಾಗಾಗುತ್ತದೆ ಎಂಬ ಭಾವನೆ. ಜಮಾಅತಿನವರು, ಉಸ್ತಾದರು ಹರಾಮ್ ಎಂದು ಹೇಳುವ ಜೊತೆಗೆ ಈ 77ನೇ ಸೆಕ್ಷನ್ ಅನ್ನೂ ಒಮ್ಮೆ ಓದಿ ಹೇಳಲಿ. ಸಣ್ಣ ಮಕ್ಕಳ ಕೈಗೆ ದುಡ್ಡು ಕೊಟ್ಟು ಬೀಡಿ, ಸಿಗರೇಟು ತರಲು ಅಂಗಡಿಗೆ ಕಳಿಸುವ ನಮ್ಮ ಅಭ್ಯಾಸವನ್ನೂ ಬಿಡೋಣ. 18 ತುಂಬದವರಿಗೆ ಅದನ್ನು ಮಾರುವುದಕ್ಕೂ 2003ರ ಕಾಯ್ದೆಯಲ್ಲಿ ನಿಷೇಧ ಉಂಟು. ಮತ್ತು ಯಾವುದಾದರೂ ಮನೆಯಲ್ಲಿ ಹೀಗೊಂದು ಫೋನ್ ಬಂದರೆ ಮುಚ್ಚಿಡುವ ಮೊದಲು ಒಂದು ಪ್ರಶ್ನೆ ಕೇಳಿ: ಆ ಕೋಣೆಯಲ್ಲಿ ನಮ್ಮ ಹುಡುಗನಿಗಿಂತ ಸಣ್ಣವರು ಯಾರಾದರೂ ಇದ್ದರೇ?

ಅಕ್ಕನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಅಳಿಯನೂ ಓದಿದ್ದಾನೆ. ಅವನಿಗೆ ಈಗ 21 ದಾಟಿದೆ. ತಮಿಳುನಾಡಿನ ಅಂಗಡಿಯವನು ಅವನಿಗೆ ಮಾರಬಹುದು. "ಈಗ ಕಾನೂನು ನನ್ನನ್ನು ತಡೆಯುವುದಿಲ್ಲ ಮಾಮ, ಇನ್ನು ನಾನೇ ತಡೆದುಕೊಳ್ಳಬೇಕು" ಎಂದ. ಕಳೆದ ತಿಂಗಳು ಕಂಬಂನಿಂದ ಅವನ ಕೈಯಲ್ಲಿ ಒಂದು ಪೆಟ್ಟಿಗೆ ಪನ್ನೀರ್ ದ್ರಾಕ್ಷಿ ಬಂತು. ಕಳಿಸಿದವರು ಆ ಹುಡುಗನ ತಂದೆ.